ತುಟಿಯೊಳಗಿನ ಪೊಟ್ಟಣ

ಎಂಟನೇ ತರಗತಿಯ ಮಕ್ಕಳು ಎಡಗೈ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕುತ್ತಿದ್ದರು. ಕಿಟಕಿಯಾಚೆ ಎಸ್ಟರ್ಸುಂಡ್ ಊರಿನ ಸರೋವರ ಹೆಪ್ಪುಗಟ್ಟಿತ್ತು.

"ಹೆಬ್ಬೆರಳು ಇಡ್ಬೇಡಿ. ಅದರದ್ದೇ ನಾಡಿ ಬಡಿದು ಲೆಕ್ಕ ತಪ್ಪುತ್ತೆ," ಎಂದರು ಜೀವಶಾಸ್ತ್ರದ ಮೇಷ್ಟ್ರು ತೂರೆ. ಸಂಜೆ ಇದೇ ಮಕ್ಕಳಿಗೆ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ಕೀ ಓಟ ಕಲಿಸುವವರೂ ಅವರೇ. ಅವರ ಮೇಲ್ದುಟಿ ಸದಾ ಒಂದು ಕಡೆ ಉಬ್ಬಿರುತ್ತಿತ್ತು. ಒಳಗೆ ಸ್ನೂಸ್, ಅಂದರೆ ತಂಬಾಕಿನ ಪುಟ್ಟ ಬಿಳಿ ಪೊಟ್ಟಣ. ಶಾಲೆಯಲ್ಲಿ ತಂಬಾಕು ನಿಷಿದ್ಧ, ನಿಜ. ಆದರೆ ಹೊಗೆಯಿಲ್ಲ, ಉಗುಳುವ ಗೋಜಿಲ್ಲ. ತುಟಿಯೊಳಗೆ ಇಣುಕುವವರು ಯಾರು? ತೂರೆಯವರಂತೂ ಅದನ್ನು ಚಟವೆಂದೇ ಎಣಿಸಿರಲಿಲ್ಲ.

ಮಕ್ಕಳು ಒಬ್ಬೊಬ್ಬರಾಗಿ ಒಂದು ನಿಮಿಷದ ಎಣಿಕೆ ಹೇಳಿದರು. ಓಟದಲ್ಲಿ ಎಲ್ಲರಿಗಿಂತ ಮುಂದಿರುವ ಮೈಕೆನ್ ಮೆಲ್ಲಗೆ, "ತೊಂಬತ್ತು," ಎಂದಳು.

"ಸೆಪ್ಟೆಂಬರ್‌ನಲ್ಲಿ ಅರವತ್ತಿತ್ತಲ್ಲ! ಜ್ವರಾನಾ?"

"ಯಾರನ್ನೋ ನೆನೆಸ್ಕೊಂಡಿದ್ದಾಳೆ ಬಿಡಿ!" ಎಂದ ಪಕ್ಕದ ಆಲ್ವಾರ್. ತರಗತಿ ಗೊಳ್ಳೆಂದಿತು. ಮೈಕೆನ್ ಕೂಡ ನಗಲು ಹೋದಳು. ಅವಳ ತುಟಿಯ ಸಂದಿಯಲ್ಲಿ ಬಿಳಿಯ ಅಂಚೊಂದು ಇಣುಕಿದ್ದು ಮೇಷ್ಟ್ರ ಕಣ್ಣಿಗೆ ಬಿತ್ತು.

ಗಂಟೆ ಹೊಡೆದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿಕೊಂಡರು.

"ಭಾನುವಾರದ ಆಯ್ಕೆ ಓಟದಿಂದ ನನ್ನ ತೆಗೀಬೇಡಿ," ಎಂದಳು ಮೈಕೆನ್, ಅವರು ಬಾಯಿ ತೆರೆಯುವ ಮೊದಲೇ. ಕಣ್ಣು ತುಂಬಿ ಬಂದಿತ್ತು.

"ತುಟಿಯೊಳಗಿನ ಚರ್ಮ ಎಷ್ಟು ತೆಳು ಗೊತ್ತಾ? ನಿಕೋಟಿನ್ ಅಲ್ಲಿಂದ ಸೀದಾ ರಕ್ತಕ್ಕೆ ಇಳಿಯುತ್ತೆ. ರಕ್ತನಾಳ ಬಿಗಿಯಾಗುತ್ತೆ. ನೀನು ಸುಮ್ಮನೆ ಕೂತಿದ್ರೂ ಹೃದಯ ಓಡ್ತಾನೇ ಇರ್ಬೇಕಾಗುತ್ತೆ. ಯಾರು ಕಲಿಸಿದ್ದು ಇದನ್ನ? ಹೆಸರು ಹೇಳು, ಅವರನ್ನ ಸುಮ್ಮನೆ ಬಿಡಲ್ಲ."

ಅವಳು ನೆಲ ನೋಡಿದಳು. "ನೀವೇ."

"ನಾನಾ?"

"ಪ್ರತಿ ಓಟಕ್ಕೂ ಮುಂಚೆ ನಮ್ಮ ಸ್ಕೀಗೆ ಮೇಣ ಹಚ್ತೀರಿ. ಆಮೇಲೆ ಒಂದು ಪೊಟ್ಟಣ ತುಟಿಗಿಟ್ಕೊಂಡು, 'ಹಾ, ಈಗ ಸರಿಹೋಯ್ತು' ಅಂತೀರಿ. ಅದರಿಂದ ಬಲ ಬರುತ್ತೆ ಅಂದ್ಕೊಂಡೆ."

ತೂರೆಯವರಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಹದಿನೈದು ವರ್ಷದಿಂದ ಹೃದಯದ ಪಾಠ ಮಾಡಿದ್ದರು, ಒಮ್ಮೆಯೂ ತಮ್ಮ ಹೃದಯದ ಮಾತು ಕೇಳಿರಲಿಲ್ಲ. ಗೋಡೆ ಗಡಿಯಾರ ನೋಡುತ್ತಾ ತಮ್ಮದೇ ಮಣಿಕಟ್ಟು ಹಿಡಿದರು. ಒಂದು ನಿಮಿಷ ಎಣಿಸಿದರು.

"ತೊಂಬತ್ತಾರು," ಎಂದರು.

"ನನಗಿಂತ ಜಾಸ್ತಿ!"

"ಎಷ್ಟು ದಿನದಿಂದ ಇಡ್ತಿದ್ದೀಯ?"

"ಮೂರು ತಿಂಗಳು. ಬಿಡೋಕೆ ನೋಡ್ದೆ, ಆಗ್ಲಿಲ್ಲ. ನೀವು?"

"ಇಪ್ಪತ್ತೆರಡು ವರ್ಷ. ಬಿಡೋಕೆ ನೋಡೇ ಇಲ್ಲ."

ಮೈಕೆನ್ ಕಣ್ಣೊರೆಸಿಕೊಂಡಳು. "ಹಾಗಾದ್ರೆ ನನ್ನ ತೆಗೀತೀರಾ?"

"ತೆಗೆಯೋದಾದ್ರೆ ಮೊದಲು ನನ್ನನ್ನೇ ತೆಗೀಬೇಕು. ಬಾ."

ಇಬ್ಬರೂ ಶಾಲೆಯ ದಾದಿ ಗುನ್ವೋರ್ ಕೋಣೆಗೆ ಹೋದರು. ತಂಬಾಕು ಬಿಡಬಯಸುವವರ ಹೆಸರು ಬರೆದುಕೊಂಡು ನೆರವಾಗುವವಳು ಆಕೆಯೇ. ಆಕೆ ಕನ್ನಡಕ ಮೇಲೇರಿಸಿ, "ಏನಾಯ್ತು ಈ ಹುಡುಗಿಗೆ?" ಎಂದಳು.

ತೂರೆ ಕುರ್ಚಿ ಎಳೆದುಕೊಂಡು ತಾವೇ ಕುಳಿತರು.

"ಅವಳದ್ದು ಆಮೇಲೆ ಬರ್ಕೊ, ಗುನ್ವೋರ್. ಮೊದಲು ನನ್ನ ಹೆಸರು ಬರಿ."