ನೂರರ ಮೇಲೆ ವಯಸ್ಸು

ವರ್ಡೆಲ್ ಬೀಸುತ್ತಲೇ ಇದ್ದಳು. "ಸಾಕು ಬಿಡೆ, ನನಗೇನೂ ಸೆಕೆ ಆಗ್ತಿಲ್ಲ" ಎಂದು ಓಜೆಲ್ಲಾ ಎರಡು ಸಲ ಹೇಳಿದರೂ, ರಟ್ಟಿನ ಬೀಸಣಿಗೆ ಹಿಡಿದ ಕೈ ತನ್ನ ಪಾಡಿಗೆ ತಾನು ಆಡುತ್ತಿತ್ತು. ಚರ್ಚಿನಲ್ಲಿ, ಅವರ ಎದುರಿಗೆ, ಶವದ ಪೆಟ್ಟಿಗೆಯೊಳಗೆ, ಓಜೆಲ್ಲಾಳ ಗಂಡ ರೂಬೆನ್ ನೀಲಿ ಸೂಟು ತೊಟ್ಟು ಮಲಗಿದ್ದ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಗಟ್ಟಿಮುಟ್ಟು ಆಳು, ಅರವತ್ತೆಂಟಕ್ಕೆ ತಲೆಯೊಳಗಿನ ರಕ್ತನಾಳ ಒಡೆದು, ಹುಲ್ಲು ಕತ್ತರಿಸುತ್ತಿದ್ದಲ್ಲೇ ಬಿದ್ದು ಹೋದ.

ಬಿಳಿ ಉಡುಪು, ಬಿಳಿ ಟೋಪಿ ಧರಿಸಿ ಸತ್ತವರ ಮನೆಯವರನ್ನು ನೋಡಿಕೊಳ್ಳುವುದು ಆ ಚರ್ಚಿನ ನರ್ಸಮ್ಮಂದಿರ ಕೆಲಸ. ಅವರೇನು ಆಸ್ಪತ್ರೆಯ ನರ್ಸುಗಳಲ್ಲ. ವರ್ಡೆಲ್ ಹೊಟ್ಟೆಪಾಡಿಗೆ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಯಾರಾದರೂ ಅತ್ತು ಅತ್ತು ಕುಸಿದರೆ ಹಿಡಿಯಬೇಕು, ನೀರು ಕೊಡಬೇಕು, ಬೀಸಬೇಕು. ತಿಂಗಳ ಮೊದಲ ಭಾನುವಾರ, ಆರಾಧನೆ ಮುಗಿದ ಮೇಲೆ, ಎಲ್ಲರ ಬೀಪಿ ನೋಡಬೇಕು. ನಲವತ್ತು ವರ್ಷದಿಂದ ನೋಡುತ್ತಿದ್ದಾಳೆ.

"ನಮ್ಮ ಬ್ರದರ್ ರೂಬೆನ್ ಒಂದೇ ಒಂದು ದಿನ ಮಕ್ಕಳನ್ನ ಶಾಲೆಗೆ ತಡವಾಗಿ ಮುಟ್ಟಿಸಿದವರಲ್ಲ!" ಎಂದರು ಪಾಸ್ಟರು. "ಈಗ ತಾವೂ ಹೊತ್ತಿಗೆ ಮುಂಚೇನೇ ಹೋಗಿ ಮುಟ್ಟಿದ್ದಾರೆ!"

"ಹೌದು ಸ್ವಾಮೀ, ಹೌದು!" ಎಂದಿತು ಚರ್ಚು.

ಹಿಂದಿನ ಬೆಂಚಿನಲ್ಲಿ ಚರ್ಚಿನ ಹಿರಿಯ ಸೇವಕ ಡೀಕನ್ ಥ್ಯಾಡಿಯಸ್ ಪಕ್ಕದವನಿಗೆ ಪಿಸುಗುಟ್ಟಿದ. ಅವನ ಪಿಸುಮಾತು ಮೂರು ಬೆಂಚಿಗೆ ಕೇಳುತ್ತದೆ. "ಕಲ್ಲುಗುಂಡಿನ ಹಾಗಿದ್ದ ಕಣಯ್ಯ. ಹೋದ ತಿಂಗಳಷ್ಟೇ ನಮ್ಮ ನರ್ಸಮ್ಮ ನೋಡಿ, ಎಲ್ಲ ಸರಿಯಾಗಿದೆ ಅಂದಿದ್ಲು."

ಬೀಸಣಿಗೆ ನಿಂತಿತು. ಅಯ್ಯೋ ದೇವರೇ, ಈಗಲಾದರೂ ಒಂದು ಹನಿ ಅಳು ಬರಬಾರದೇ ಎಂದುಕೊಂಡಳು ವರ್ಡೆಲ್. ಬರಲಿಲ್ಲ. ನಾಲ್ಕು ದಿನದಿಂದ ಅವಳ ಒಳಗೆಲ್ಲ ಮರಗಟ್ಟಿತ್ತು.

*

ಹೋದ ತಿಂಗಳು, ಚರ್ಚಿನ ಕೆಳಗಿನ ಹಾಲ್‌ನಲ್ಲಿ, ರೂಬೆನ್ ಅಂಗಿಯ ತೋಳು ಮಡಚಿ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಬಾಯಿ ಮುಚ್ಚಿಕೊಂಡು ಕೂರುವುದು ಗೊತ್ತೇ ಇರಲಿಲ್ಲ.

"ಎಷ್ಟು ಬಂತು ಡಾಕ್ಟರಮ್ಮಾ?"

"ಮೇಲೆ ನೂರ ಅರವತ್ತೆಂಟು. ಕೆಳಗೆ ತೊಂಬತ್ತೆಂಟು."

"ನನ್ನ ವಯಸ್ಸು?"

"ಅರವತ್ತೆಂಟು, ಮುದುಕಪ್ಪ."

"ನೋಡು ಮತ್ತೆ! ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ! ಆ ಗೆಣಸಿನ ಪೈ ತುಂಡು ಇತ್ತ ತಳ್ಳು."

ವರ್ಡೆಲ್ ನಕ್ಕು ತಳ್ಳಿದ್ದಳು. ಹಿಂದಿನ ನರ್ಸಮ್ಮ ಮದರ್ ಪ್ರೂಯಿಟ್ ಅವಳಿಗೆ ಕಲಿಸಿದ್ದೇ ಹಾಗೆ: ನೂರಕ್ಕೆ ಅವರ ವಯಸ್ಸು ಕೂಡಿಸು, ಅಷ್ಟರೊಳಗಿದ್ದರೆ ದೇವರಿಗೆ ಸ್ತೋತ್ರ ಹೇಳಿ ಕಳಿಸು. ಕೆಳಗಿನ ಅಂಕೆ ಏಕಿದೆ ಎಂದು ಆ ಹಾಲ್‌ನಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ.

*

ರೂಬೆನ್ ಸತ್ತ ಮರುದಿನ ಅವಳು ಔಷಧಿ ಅಂಗಡಿಗೆ ಹೋಗಿದ್ದಳು, ತನ್ನ ಮಂಡಿನೋವಿನ ಮುಲಾಮಿಗೆ. ತಡೆಯಲಾರದೆ ಅಲ್ಲಿನ ಹುಡುಗಿಯನ್ನು ಕೇಳಿಯೇಬಿಟ್ಟಳು: "ಅರವತ್ತೆಂಟು ವರ್ಷ, ಬೀಪಿ ನೂರ ಅರವತ್ತೆಂಟು. ಲೆಕ್ಕ ಸರಿಯಾಗೇ ಇತ್ತಲ್ಲ, ಮತ್ತೆ ಹೇಗಮ್ಮಾ ನಾಳ ಒಡೀತು?"

ಹುಡುಗಿ ಕೈಲಿದ್ದ ಡಬ್ಬಿ ಕೆಳಗಿಟ್ಟಳು. "ಅದು ಹಳೇ ಕಾಲದ ಮಾತು ಆಂಟಿ, ಈಗ ಯಾರೂ ಹಾಗೆ ನೋಡಲ್ಲ. ಹೃದಯ ರಕ್ತಾನ ಒತ್ತಿ ಕಳಿಸ್ವಾಗ ಮೇಲಿನ ಅಂಕೆ, ಸಡಿಲ ಬಿಟ್ಟಾಗ ಕೆಳಗಿನದು. ವಯಸ್ಸಾಯ್ತು ಅಂತ ನಾಳಕ್ಕೆ ಒತ್ತಡ ತಡ್ಕೊಳ್ಳೋ ಶಕ್ತಿ ಹೆಚ್ಚತ್ತಾ? ಯಾವ ವಯಸ್ಸಿಗಾದ್ರೂ ನೂರ ಮೂವತ್ತು, ಎಂಬತ್ತು ಆಯ್ತು ಅಂದ್ರೆ ಜಾಸ್ತೀನೇ. ನೂರ ಅರವತ್ತೆಂಟು ಅಂದ್ರಂತೂ..." ಅಷ್ಟಕ್ಕೇ ನಿಲ್ಲಿಸಿದಳು. "ಯಾರಿಗೆ ಆಂಟಿ?"

"ಯಾರೋ, ಗೊತ್ತಿದ್ದವರು" ಎಂದಳು ವರ್ಡೆಲ್. ಮುಲಾಮು ಮರೆತು ಮನೆಗೆ ಬಂದಳು.

*

ಮಣ್ಣು ಕೊಟ್ಟು ಬಂದ ಮೇಲೆ ಕೆಳಗಿನ ಹಾಲ್‌ನಲ್ಲಿ ಊಟ. ಕರಿದ ಕೋಳಿ, ಹಂದಿಮಾಂಸ ಹಾಕಿ ಬೇಯಿಸಿದ ಸೊಪ್ಪು, ಜೋಳದ ರೊಟ್ಟಿ. ವರ್ಡೆಲ್ ತಟ್ಟೆಯೊಂದನ್ನು ಓಜೆಲ್ಲಾಳ ಮುಂದಿಟ್ಟು, ಪಕ್ಕದಲ್ಲೇ ಕೂತಳು. ಇವತ್ತು ಹೇಳದಿದ್ದರೆ ಇನ್ನು ಸಾಯುವತನಕ ಹೇಳಲಾರೆ ಎಂಬುದು ಅವಳಿಗೆ ಗೊತ್ತಿತ್ತು.

"ಓಜೆಲ್ಲಾ, ನಾನು ತಪ್ಪು ಹೇಳ್ತಿದ್ದೆ ಕಣೆ."

"ಯಾವುದು?"

"ಬೀಪಿ. ನೂರಕ್ಕೆ ವಯಸ್ಸು ಕೂಡಿಸೋದು ಅಂತ ಯಾವ ಲೆಕ್ಕಾನೂ ಇಲ್ವಂತೆ. ರೂಬೆನ್‌ಗೆ ಪ್ರತಿ ಸಲ ಸರಿಯಾಗಿದೆ ಅಂದೆ. ಸರಿಯಾಗಿರ್ಲಿಲ್ಲ."

ಓಜೆಲ್ಲಾ ರೊಟ್ಟಿ ಮುರಿದಳು. ಬಾಯಿಗಿಡಲಿಲ್ಲ.

"ಮಾರ್ಚಲ್ಲಿ ನಾನೇ ಅವನನ್ನ ದರದರ ಎಳ್ಕೊಂಡು ಡಾಕ್ಟರ ಹತ್ರ ಹೋಗಿದ್ದೆ. ಮಾತ್ರೆ ಬರ್ದು ಕೊಟ್ರು, ದಿನಕ್ಕೊಂದು ತಪ್ಪಿಸ್ಬೇಡಿ ಅಂದ್ರು. ಆ ಭಾನುವಾರ ನಿನ್ನ ಕುರ್ಚೀಲಿ ಕೂತು ಬಂದ. 'ವರ್ಡೆಲ್ ಸರಿಯಾಗಿದೆ ಅಂದ್ಲು, ಆ ಡಾಕ್ಟರ್ ನನ್ನ ಏನು ಕಂಡಿದ್ದಾನೆ' ಅಂತ ಮಾತ್ರೇನ ಮೇಲಿನ ಕಪಾಟಿಗೆ ಎಸೆದ." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ನಾನೂ ಸುಮ್ಮನಾದೆ. ನೀನು ಹೇಳಿದ್ಮೇಲೆ ಇನ್ನೇನು ಅಂತ."

ಬಯ್ದಿದ್ದರೆ ಚೆನ್ನಾಗಿತ್ತು. ಕೆನ್ನೆಗೆ ಬಾರಿಸಿದ್ದರೂ ಚೆನ್ನಾಗಿತ್ತು. ಓಜೆಲ್ಲಾ ತನ್ನ ಕಪ್ಪು ಉಡುಪಿನ ತೋಳನ್ನು ಮೊಣಕೈ ಮೇಲಕ್ಕೆ ಸರಿಸಿದಳು.

"ತಗೊಂಡು ಬಾ ನಿನ್ನ ಯಂತ್ರಾನ."

ವರ್ಡೆಲ್ ತಂದು ಪಟ್ಟಿ ಸುತ್ತಿದಳು. ಗಾಳಿ ತುಂಬಿತು, ಇಳಿಯಿತು.

"ನೂರ ಅರವತ್ತಾರು. ಕೆಳಗೆ ತೊಂಬತ್ತೈದು."

"ನನಗೀಗ ಅರವತ್ತಾರು. ಅಂದ್ರೆ ಹೇಗೆ?"

"ಜಾಸ್ತಿ ಆಯ್ತು. ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗ್ಬೇಕು."

"ಎಲ್ರಿಗೂ ಕೇಳೋ ಹಾಗೆ ಹೇಳು."

"ಜಾಸ್ತಿ!" ಎಂದಳು ವರ್ಡೆಲ್. ಅಷ್ಟು ದೊಡ್ಡದಾಗಿ ಬರುತ್ತದೆಂದು ಅವಳಿಗೇ ತಿಳಿದಿರಲಿಲ್ಲ. "ನಾನು ಹೇಳ್ತಿದ್ದಿದ್ದು ತಪ್ಪು! ಎಲ್ರಿಗೂ ತಪ್ಪೇ ಹೇಳಿದ್ದೀನಿ!"

ಡೀಕನ್ ಥ್ಯಾಡಿಯಸ್ ತಟ್ಟೆ ಪಕ್ಕಕ್ಕಿಟ್ಟ.

"ನನಗೆ ನೂರ ಎಂಬತ್ತು ಬಂದಾಗ, ಎಂಬತ್ತಕ್ಕೆ ಅದೇ ಸರಿ ಅಂದಿದ್ಯಲ್ಲ ತಾಯಿ?"

"ಅಂದಿದ್ದೆ."

ಮುದುಕ ಎದ್ದು ಕರಿ ಕೋಟು ಕಳಚಿ, ಕುರ್ಚಿಗೆ ಹಾಕಿ, ಓಜೆಲ್ಲಾಳ ಹಿಂದೆ ಬಂದು ನಿಂತ. ಅವನ ಹಿಂದೆ ಪೆಟ್ಟಿಗೆ ಹೊತ್ತಿದ್ದವರೊಬ್ಬರು, ಆಮೇಲೆ ಇನ್ನೊಬ್ಬರು. ಸ್ವಲ್ಪ ಹೊತ್ತಿಗೆ ಸಾಲು ಮೆಟ್ಟಿಲವರೆಗೂ ಬೆಳೆಯಿತು. ಎಲ್ಲರೂ ಎಡಗೈ ಮೇಲಿನ ಬಟ್ಟೆ ಮಡಚಿ, ಬರಿದಾದ ಕೈಯನ್ನು ಮುಂದಕ್ಕೆ ಚಾಚಿಕೊಂಡು ನಿಂತಿದ್ದರು.