ಕೊಂಬಿಲ್ಲದ ಪಾತಾಳ ಮಾರನ್

ಗಂಡನ ಮುಖ ಮರೆತುಹೋದೀತು ಎಂಬ ಭಯ ರುಕ್ಮಣಿಗೆ ಇರಲಿಲ್ಲ. ಮುಖ ಗೋಡೆಯ ಮೇಲಿತ್ತು, ಚೌಕಟ್ಟಿನೊಳಗೆ, ಹೂ ಮುಡಿದುಕೊಂಡು. ಅವಳಿಗಿದ್ದ ಭಯವೆಲ್ಲ ಅವನ ದನಿಯದು. ಚೆನ್ನಿಯಪ್ಪನ್ ಸತ್ತಾಗ ಮನೆಯಲ್ಲಿದ್ದದ್ದು ಹಳೇ ಬಟನ್ ಫೋನು. ಅದರಲ್ಲಿ ಯಾರೂ ಯಾರ ಮಾತನ್ನೂ ಹಿಡಿದಿಟ್ಟಿರಲಿಲ್ಲ. ಹಾಗಾಗಿ ಆ ದನಿ ಲೋಕದಲ್ಲಿ ಉಳಿದಿದ್ದದ್ದು ಒಂದೇ ಕಡೆ, ರುಕ್ಮಣಿಯ ಕಿವಿಯೊಳಗೆ. ಆ ಕಿವಿಗೂ ವಯಸ್ಸಾಗುತ್ತಿತ್ತು.

ಅದರಲ್ಲೂ ಅವಳು ಬಿಡದೆ ಕಾದುಕೊಂಡಿದ್ದದ್ದು ಒಂದು ಮಾತನ್ನು. ತಮಿಳುನಾಡಿನ ಸಿರುಮುಗೈಯಲ್ಲಿ, ಕನ್ನಡದ ನೇಕಾರರ ಆ ಬೀದಿಯ ಮನೆಗಳಲ್ಲಿ ಕುಳಿಮಗ್ಗ. ನೆಲದಲ್ಲಿ ಕುಳಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು, ತುಳಿಮಣೆ ತುಳಿಯುತ್ತ ರೇಷ್ಮೆ ಸೀರೆ ನೇಯುವ ಮಗ್ಗ. ಚೆನ್ನಿಯಪ್ಪನ್ ಕುಳಿಯಲ್ಲಿರುತ್ತಿದ್ದ, ರುಕ್ಮಣಿ ಪಕ್ಕದಲ್ಲಿ ರಾಟೆಯ ಮುಂದೆ ನೂಲು ಸುತ್ತುತ್ತಿದ್ದಳು. ಸಂಜೆ ಬೆಳಕು ಇಳಿದು ಎಳೆ ಕಾಣದಾದಾಗ ಅವನು ತಲೆ ಎತ್ತದೆಯೇ ಹೇಳುತ್ತಿದ್ದ: "ಸಾಕು ಕಣ್ಣು, ಏಳಿನ್ನ."

ನಾಲ್ಕು ಜನರ ಮುಂದೆ ಹೆಂಡತಿಯನ್ನು ಹೆಸರು ಹಿಡಿದು ಕರೆಯಲೂ ನಾಚುವ ಗಂಡಸು. ಆ ಕಡೆಯವರು ಮಕ್ಕಳನ್ನು ಮುದ್ದಿನಿಂದ ಕರೆಯುವ 'ಕಣ್ಣು' ಅವನ ಬಾಯಿಂದ ಅವಳಿಗೆ ಸಿಗುತ್ತಿದ್ದದ್ದು ಮಗ್ಗದ ಮನೆಯ ಮಬ್ಬಿನಲ್ಲಿ ಮಾತ್ರ. ಇಡೀ ಸಂಸಾರದ ಸರಸ ಅಷ್ಟರಲ್ಲೇ ಮುಗಿಯುತ್ತಿತ್ತು. ಅವಳಿಗೆ ಅದೇ ಬೇಕಾದಷ್ಟಾಗಿತ್ತು.

ಚೆನ್ನಿಯಪ್ಪನ್‌ಗೆ ಇನ್ನೊಂದು ಹುಚ್ಚಿತ್ತು, ಕಾಮಿಕ್ಸ್ ಪುಸ್ತಕದ್ದು. ಕ್ಷೌರದಂಗಡಿಯಲ್ಲಿ ಹತ್ತಾರು ಕೈ ದಾಟಿ ಹರಿದ ತಮಿಳು ಪುಸ್ತಕ ತಂದು, ಮೊಮ್ಮಗಳು ಇಲಕ್ಕಿಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುತ್ತಿದ್ದ. ಮನೆಯೊಳಗೆ ತಮಿಳಿನಲ್ಲಿ ಕಥೆ ಹೇಳಿದರೆ ಅವನಿಗೇ ರುಚಿಸುತ್ತಿರಲಿಲ್ಲ, ಓದುತ್ತ ಓದುತ್ತಲೇ ಮನೆಮಾತಾದ ಕನ್ನಡಕ್ಕೆ ತಿರುಗಿಸಿಬಿಡುತ್ತಿದ್ದ. ಆ ಕಥೆಗಳ ಖಳ ಪಾತಾಳ ಮಾರನ್. ತಲೆಯ ಮೇಲೆ ಎರಡು ಕೊಂಬು, ನೇರಳೆ ನಿಲುವಂಗಿ, ಭೂಮಿಯ ಅಡಿಯಲ್ಲಿ ಅರಮನೆ. ಕೆಳಗಿನಿಂದ ಕೈ ಚಾಚಿ ಒಳ್ಳೆಯವರ ಕಾಲು ಹಿಡಿದು ಎಳೆಯುವುದೇ ಅವನ ಕಸುಬು. ಚೆನ್ನಿಯಪ್ಪನ್ ಕುಳಿಯಿಂದಲೇ ಕೈ ಚಾಚಿ ಮೊಮ್ಮಗಳ ಕಾಲು ಹಿಡಿದರೆ ಆ ಹುಡುಗಿ ಕಿರುಚಿ, ನಕ್ಕು, ಮನೆ ಕಿತ್ತುಹೋಗುವ ಹಾಗೆ ಗದ್ದಲ ಮಾಡುತ್ತಿದ್ದಳು.

ಇಲಕ್ಕಿಯಾ ಬೆಳೆದು ಚೆನ್ನೈಗೆ ಹೋಗಿ ಸಿನಿಮಾದಲ್ಲಿ ಸಹಾಯಕ ನಿರ್ದೇಶಕಿಯಾದಳು. ಒಂದು ದಿನ ಅವಳಿಂದ ಫೋನು ಬಂತು.

"ಅಜ್ಜೀ, ನಮ್ಮ ಪಾತಾಳ ಮಾರನ್ನ ಸಿನಿಮಾ ಪಡ ಮಾಡ್ತಿದೀವಿ. ಮೀಟಿಂಗಲ್ಲಿ ಸುಮ್ನೆ ಅಂದೆ, ಚಿಕ್ಕವಳಿದ್ದಾಗ ಅವ್ನು ಕನ್ನಡ ಮಾತಾಡೋನು ಅಂತ್ಲೇ ನಂಬಿದ್ದೆ, ನಮ್ಮ ತಾತ ಹಂಗೇ ಓದೋರು ಅಂತ. ಡೈರೆಕ್ಟರ್ ಮೇಜು ಕುಟ್ಟಿಬಿಟ್ರು! ಅದೇ ವೇಣುಮ್, ಅದೇ ಬೇಕು ಅಂತಾರೆ. ಆ ಮಾತೇ, ಆ ಮನೆಯೇ."

ಬಂದೇ ಬಿಟ್ಟರು. ನಿರ್ದೇಶಕ ಸತೀಶ್‌ಕುಮಾರ್ ಚಪ್ಪಲಿ ಬಿಟ್ಟು ಒಳಗೆ ಬಂದವನು ಕುಳಿಯ ಅಂಚಿನಲ್ಲಿ ನಿಂತು ತುಂಬ ಹೊತ್ತು ಕೆಳಗೆ ನೋಡಿದ. ಹೊಸದಾಗಿ ಜಾಗ ಕೊಂಡವನು ಬಾವಿ ನೋಡುವ ಹಾಗೆ ನೋಡಿದ. "ಅರಮನೆ ಬೇಡ. ಪಾತಾಳ ಇಲ್ಲೇ ಇದೆ" ಎಂದು ತಮಿಳಿನಲ್ಲಿ ಹೇಳಿದ.

"ಕೊಂಬು ಎಲ್ಲಿ ಇಕ್ತೀರಿ?" ಎಂದು ರುಕ್ಮಣಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ಕೊಂಬಿಲ್ಲ ಅಜ್ಜಿ" ಎಂದಳು ಇಲಕ್ಕಿಯಾ. "ಈಗಿನ ಜನ ಕೊಂಬು ಕಂಡ್ರೆ ನಗ್ತಾರೆ. ನಿಜವಾದ ಮನ್ಷ ಬೇಕು. ಅವ್ನು ಒಬ್ಬ ನೇಕಾರ, ಹೆಂಡ್ತಿ ಸತ್ತೋನು. ಯಾಕೆ ಹಂಗಾದ ಅಂತ ನೋಡೋರ್ಗೆ ಪುರಿಯಬೇಕು, ಅರ್ಥ ಆಗ್ಬೇಕು."

ಕೊಂಬು ತೆಗೆದ ಮೇಲೆ ಕೊಂಬಿನ ಜಾಗದಲ್ಲಿ ಏನು ಇಡುತ್ತಾರೆ ಎಂದು ರುಕ್ಮಣಿ ಕೇಳಲಿಲ್ಲ. ಕೇಳುವ ತಲೆ ಅವಳದಲ್ಲ. ಪಾತಾಳ ಮಾರನ್ ಎಂದರೆ ಅವಳಿಗೆ ಗಂಡನ ಕೈ, ಮೊಮ್ಮಗಳ ನಗು, ಅಷ್ಟೇ. ಅಂಥವನಿಂದ ಯಾರಿಗೆ ಏನು ಕೇಡು!

ಆ ಪಾತ್ರ ಮಾಡುವ ನಟ ವಸಂತಕುಮಾರ್ ಮಾತು ಕಲಿಯಲೆಂದು ಅಲ್ಲೇ ಉಳಿದ. ಒಳ್ಳೆಯ ಮನುಷ್ಯ, ಅದನ್ನು ಮೊದಲೇ ಹೇಳಿಬಿಡಬೇಕು. ಬಂದ ದಿನವೇ ಅಜ್ಜಿಯ ಕಾಲಿಗೆ ಬಿದ್ದ, ಅವಳು ಮಾಡಿದ ರಾಗಿ ಕಳಿ ಉಂಡ, ಕುಳಿಗಿಳಿದು ಕಾಲು ಮರಗಟ್ಟುವವರೆಗೆ ತುಳಿಮಣೆ ತುಳಿದ. ಅವಳು ಆಡಿದ್ದನ್ನೆಲ್ಲ ತಿರುಗಿ ಆಡಿದ. ಎಷ್ಟೋ ವರ್ಷದ ಮೇಲೆ ಆ ಮನೆಯಲ್ಲಿ ಒಬ್ಬರು ಅವಳ ಮಾತಿಗೆ ಕಿವಿಗೊಟ್ಟು ಕೂತಿದ್ದರು. ಬೀದಿಯ ಮಕ್ಕಳು ಅವಳು ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಟ್ಟು ಓಡಿಹೋಗುತ್ತಿದ್ದರು. ರುಕ್ಮಣಿಯ ಬಾಯಿಗೆ ತಡೆಯೇ ಇಲ್ಲದಂತಾಯಿತು.

"ಅವರು ಹೆಂಗೆ ಮಾತಾಡ್ತಿದ್ರು? ತಾತ?" ಎಂದು ಅವನು ಕೇಳಿದ. ಇಲಕ್ಕಿಯಾ ಪಕ್ಕದಲ್ಲಿ ಕಂಪನಿಯ ಫೋನು ಹಿಡಿದು ಎಲ್ಲವನ್ನೂ ರೆಕಾರ್ಡ್ ಮಾಡುತ್ತಿದ್ದಳು.

ರುಕ್ಮಣಿ ನಾಚಿದಳು. ಆಮೇಲೆ ದನಿ ತಗ್ಗಿಸಿ, ಗಂಡನ ಹಾಗೆಯೇ ಹೇಳಿ ತೋರಿಸಿದಳು. ವಸಂತಕುಮಾರ್ ಹೇಳಿದ: "ಸಾಕು ಕಣ್ಣು... ಏಳಿನ್ನ."

"ಮಧ್ಯದಲ್ಲಿ ನಿಲ್ಲಬಾರ್ದು ಸಾಮಿ" ಎಂದಳು. "ಅವರ ಕಾಲು ಇನ್ನೂ ಮಣೆ ಮೇಲೇ ಇರೋದು. ಕೈಲಿ ಲಾಳಿ. ನಿಲ್ಲಕ್ಕೆ ನೇರ ಎಲ್ಲಿ, ಹೊತ್ತೆಲ್ಲಿ? ಒಂದೇ ಉಸಿರಲ್ಲಿ ಬರ್ಬೇಕು."

ಅವನು ಮತ್ತೆ ಹೇಳಿದ, ಮತ್ತೆ ಹೇಳಿದ. ಅವಳು ಬಿಡಲಿಲ್ಲ. ಹೊರಡುವ ಮುಂಚಿನ ಸಂಜೆ ಅವನು ಕುಳಿಯಲ್ಲಿ ಕೂತು ಸುಮ್ಮನೆ ತುಳಿಯುತ್ತಿದ್ದ, ಅವಳು ರಾಟೆಯ ಮುಂದೆ ನೂಲು ಸುತ್ತುತ್ತಿದ್ದಳು, ಬೆಳಕು ಇಳಿಯುತ್ತಿತ್ತು. ತಲೆ ಎತ್ತದೆಯೇ ಅವನೆಂದ: "ಸಾಕು ಕಣ್ಣು, ಏಳಿನ್ನ."

ರುಕ್ಮಣಿ ಎದ್ದಳು. ಸೀರೆ ಕೊಡವಿಕೊಂಡಳು. ಅಡುಗೆಮನೆಗೆ ಹೋಗಿ ತಟ್ಟೆ ತೆಗೆದು, ಸಾರು ಬಿಸಿಗಿಟ್ಟಳು. ಒಲೆಯ ಮುಂದೆ ನಿಂತ ಮೇಲೆಯೇ ಅವಳಿಗೆ ತಾನು ಯಾರ ಮಾತಿಗೆ ಎದ್ದು ಬಂದೆನೆಂದು ಗೊತ್ತಾದದ್ದು. ಕಣ್ಣೀರು ಸುರಿಯಿತು. ಇಷ್ಟು ಸಂತೋಷ ಅವಳಿಗೆ ಆ ಮನೆಯಲ್ಲಿ ಇನ್ನೊಮ್ಮೆ ಆಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ಸಿನಿಮಾ ಬಿಡುಗಡೆಯಾದ ದಿನ ಬೀದಿಗೆ ಬೀದಿಯೇ ಮೆಟ್ಟುಪಾಳ್ಯಂ ಥಿಯೇಟರಿಗೆ ಹೊರಟಿತು. ತಮ್ಮ ಮನೆಮಾತು ಪರದೆಯ ಮೇಲೆ ಬರುತ್ತದೆಂದು ಫ್ಲೆಕ್ಸ್ ಬೇರೆ ಕಟ್ಟಿದ್ದರು. ರುಕ್ಮಣಿ ಮಡಿಕೆ ಮುರಿಯದ ಸೀರೆ ಉಟ್ಟು, ನೆರೆಮನೆಯ ತಂಗಮಣಿಯ ಪಕ್ಕದಲ್ಲಿ ಕೂತಳು.

ಪರದೆಯ ಮೇಲೆ ಅವಳ ಮನೆ ಬಂತು. ಅದೇ ಕುಳಿ, ಅದೇ ರಾಟೆ. ಕುಳಿಯಲ್ಲಿ ವಸಂತಕುಮಾರ್, ಹರಿದ ಬನಿಯನ್ನು, ಕಿವಿಯ ಮೇಲೆ ಸಿಕ್ಕಿಸಿದ ನೂಲಿನ ತುಂಡು. ಅದೂ ಚೆನ್ನಿಯಪ್ಪನ್ ಅಭ್ಯಾಸವೇ, ಅವಳೇ ಹೇಳಿಕೊಟ್ಟದ್ದು. ಅವಳು ತಂಗಮಣಿಯ ಕೈ ಹಿಡಿದುಕೊಂಡಳು. ರಾಟೆಯ ಪಕ್ಕದಲ್ಲಿ ಒಬ್ಬ ನೂಲಿನ ವ್ಯಾಪಾರಿಯನ್ನು ಕೈಕಾಲು ಕಟ್ಟಿ ಕೂರಿಸಿದ್ದರು. ಅವನು ಅಳುತ್ತಿದ್ದ. ನೇಕಾರ ತುಳಿಮಣೆ ನಿಲ್ಲಿಸಿದ, ತಲೆ ಎತ್ತದೆಯೇ ಹೇಳಿದ: "ಸಾಕು ಕಣ್ಣು..."

ಮಣೆ ನಿಂತಿತ್ತು. ಥಿಯೇಟರಿನಲ್ಲಿ ಒಬ್ಬರೂ ಉಸಿರಾಡಲಿಲ್ಲ.

"...ಏಳಿನ್ನ."

ರೇಷ್ಮೆಯ ಎಳೆ ವ್ಯಾಪಾರಿಯ ಕುತ್ತಿಗೆಗೆ ಬಿತ್ತು. ಸೀಟಿಯೋ ಸೀಟಿ. ಹಿಂದಿನ ಸಾಲಿನಲ್ಲಿ ಯಾರೋ ಕಾಗದದ ಚೂರು ತೂರಿದರು. "ನಮ್ಮ ಮಾತು, ರುಕ್ಮಣಕ್ಕಾ! ಹೆಂಗೆ ಕೈ ತಟ್ತಾರೆ ಪಾರು, ನೋಡು!" ಎಂದು ತಂಗಮಣಿ ಅವಳ ತೋಳು ಅಲುಗಾಡಿಸಿದಳು. ಪ್ರತಿ ಕೊಲೆಗೂ ಮುಂಚೆ ಆ ಮಾತು ಬಂತು, ಪ್ರತಿ ಸಲವೂ ನಡುವೆ ಆ ನಿಲುಗಡೆ ಬಂತು. ಕೊನೆಕೊನೆಗೆ ಜನ ಅವನ ಜೊತೆ ತಾವೂ ಹೇಳತೊಡಗಿದರು.

ಯಾರಾದರೂ ಸಿಟ್ಟಾಗಿದ್ದರೆ ರುಕ್ಮಣಿಗೆ ಒಂದು ಆಸರೆಯಾದರೂ ಇರುತ್ತಿತ್ತು. ಯಾರೂ ಸಿಟ್ಟಾಗಲಿಲ್ಲ. ಹೆಮ್ಮೆಯಿಂದ ಬೀದಿ ಉಬ್ಬಿಹೋಗಿತ್ತು. ಕನ್ನಡದ ಒಂದು ಮಾತೂ ಆಡದ ಮಕ್ಕಳು ಬೀದಿಯಲ್ಲಿ ಒಬ್ಬರ ಕುತ್ತಿಗೆ ಒಬ್ಬರು ಹಿಡಿದು "ಸಾಕು ಕಣ್ಣು" ಎನ್ನುತ್ತಿದ್ದರು. ಕಾರಮಡೈಯಿಂದ ಬಂದ ಬಾಳೆಹಣ್ಣಿನ ವ್ಯಾಪಾರಿ ಹಾಗೆನ್ನುತ್ತಿದ್ದ. ಬಸ್ಸಿನಲ್ಲಿ ಕಂಡಕ್ಟರ್ ಇಳಿಯುವವರಿಗೆ ಹಾಗೆನ್ನುತ್ತಿದ್ದ, ಜನ ನಗುತ್ತಿದ್ದರು.

ರುಕ್ಮಣಿ ಮನೆಗೆ ಬಂದು, ಬಾಗಿಲು ಹಾಕಿ, ಕಣ್ಣು ಮುಚ್ಚಿ ಗಂಡನ ದನಿಯನ್ನು ಕರೆದಳು. ವಸಂತಕುಮಾರ್ ಬಂದ. ಮರುದಿನವೂ ಅವನೇ ಬಂದ. ಗೋಡೆಯ ಮೇಲಿನ ಮುಖ ನೋಡುತ್ತ ಕರೆದಳು. ಆ ಮುಖದ ಬಾಯಿಂದಲೂ ಅವನ ದನಿಯೇ ಬಂತು. ಆಗ ಅವಳಿಗೆ ನಿಜವಾಗಿ ಹೆದರಿಕೆಯಾಯಿತು.

ಇಲಕ್ಕಿಯಾ ಊರಿಗೆ ಬಂದಾಗ ಅವಳು ಕೇಳಿದ್ದು ಒಂದನ್ನೇ. "ಅವತ್ತು ನಾನು ನಿಮ್ಮ ತಾತನಂಗೆ ಹೇಳಿ ತೋರ್ಸಿದ್ದು ಫೋನಲ್ಲಿ ಹಿಡಿದಿದ್ಯಲ್ಲ, ಅದನ್ನ ಒಂದ್ಸಲ ಹಾಕು ಅಮ್ಮಿ."

ಇಲಕ್ಕಿಯಾಳ ಮುಖ ಬಾಡಿತು. "ಅದು ಕಂಪನಿ ಫೋನು ಅಜ್ಜಿ. ಡಬ್ಬಿಂಗ್ ಮುಗಿದ್ಮೇಲೆ ಎಲ್ಲಾ ಅಳಿಸಿಬಿಟ್ರು." ಆಮೇಲೆ ಅಜ್ಜಿಯ ಮುಖ ನೋಡಲಾರದೆ ಹೊರಗೆ ಹೋಗಿ ವಸಂತಕುಮಾರ್‌ಗೆ ಫೋನು ಮಾಡಿದಳು. ಅವನು ಆಗಿಂದಾಗಲೇ ಆ ಮಾತು ಹೇಳಿ ಕಳಿಸಿದ. ನಿಲ್ಲಿಸಲಿಲ್ಲ, ಅವಳು ಕಲಿಸಿದ ಹಾಗೆಯೇ ಒಂದೇ ಉಸಿರಿನಲ್ಲಿ ಹೇಳಿದ್ದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅದನ್ನು ಕೇಳುತ್ತಿದ್ದಂತೆ ರುಕ್ಮಣಿಯ ಕೈ ತಾನಾಗಿ ಕುತ್ತಿಗೆಗೆ ಹೋಯಿತು.

"ಅದೇ ತಾನೆ ಅಜ್ಜಿ? ಹಂಗೇ ತಾನೆ?" ಎಂದು ಇಲಕ್ಕಿಯಾ ಅಂಗಲಾಚಿದಳು.

"ಹಂಗೇ" ಎಂದಳು ರುಕ್ಮಣಿ. ಮೊಮ್ಮಗಳನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ. ಕೊಟ್ಟವಳು ತಾನೇ, ಅದೂ ಸರಿಯಾಗಿ ಬರುವವರೆಗೆ ಬಿಡದೆ ತಿದ್ದಿ ತಿದ್ದಿ ಕೊಟ್ಟವಳು.

ಇಲಕ್ಕಿಯಾ ಚೆನ್ನೈಗೆ ಹೊರಟ ಸಂಜೆ ರುಕ್ಮಣಿ ರಾಟೆಯ ಮುಂದೆ ಕೂತಳು. ಬೆಳಕು ಇಳಿಯಿತು, ಎಳೆ ಕಾಣದಾಯಿತು. ತನ್ನ ಬಾಯಿಯಲ್ಲಾದರೂ ಅವನು ಒಂದಿಷ್ಟು ಉಳಿದಿರಬಹುದು ಎಂದು ದನಿ ತಗ್ಗಿಸಿ ತಾನೇ ಹೇಳಿ ನೋಡಿದಳು.

"ಸಾಕು ಕಣ್ಣು" ಎಂದಳು. ಅಲ್ಲಿ ಉಸಿರು ನಿಂತಿತು. ಚೆನ್ನಿಯಪ್ಪನ್ ಒಂದು ದಿನವೂ ನಿಲ್ಲಿಸದ ಜಾಗ ಅದು. ಥಿಯೇಟರಿನಲ್ಲಿ ಎಲ್ಲರೂ ಕಾದ ಹಾಗೆ ಅವಳೂ ಕಾದಳು. ಉಳಿದ ಮಾತನ್ನು ಆಡುವ ಧೈರ್ಯ ಬರಲಿಲ್ಲ. ಏಳೆನ್ನುವವರು ಯಾರೂ ಇಲ್ಲದೆ, ಆ ಕತ್ತಲಲ್ಲಿ, ರಾಟೆಯ ಮುಂದೆ ಹಾಗೇ ಕೂತುಬಿಟ್ಟಳು.