ಬಣ್ಣದ ಗುತ್ತಿಗೆ

"ಉಚ್ಚೆಗೆ ಹೋಗೋಕೆ ಅರ್ಧ ಗಂಟೆ ಬೇಕೇನೇ ನಿಂಗೆ? ಅಲ್ಲೇನ್ ಬಾವಿ ತೋಡ್ತಿದ್ಯಾ?"

ಮೇಸ್ತ್ರಿ ಕೆಳಗಿನಿಂದ ಕೂಗಿದ್ದು ಮೂರನೇ ಮಹಡಿಯವರೆಗೂ ಕೇಳಿಸಿತು. ಗೋಡೆ ಉಜ್ಜುತ್ತಿದ್ದ ಹೆಂಗಸರು ತಲೆ ಎತ್ತಲಿಲ್ಲ. ಉದ್ದಣ್ಣನ ಹೆಂಡತಿ ಸೆರಗು ಸರಿಮಾಡಿಕೊಂಡು ಮೆಟ್ಟಿಲು ಹತ್ತಿದಳು. ಆ ಕಟ್ಟಡದಲ್ಲಿ ಮನೆಗೆ ಎರಡರಂತೆ ಕಕ್ಕಸು ಕಟ್ಟಿದ್ದರು. ಕೆಲಸದವರು ಮಾತ್ರ ರಸ್ತೆ ದಾಟಿ, ಪಾಳು ಗೋಡೆಯ ಹಿಂದೆ ಗಂಡಸರು ಯಾರೂ ಇಲ್ಲದ ಹೊತ್ತು ಕಾದು ಕೂರಬೇಕಿತ್ತು. ಅವತ್ತು ಅವಳಿಗೆ ಅರ್ಧ ಕೂಲಿ.

ಉದ್ದಣ್ಣ ಅವಳ ಗಂಡ. ಹೊರಗೋಡೆಗೆ ಹಗ್ಗದಲ್ಲಿ ಜೋತುಬಿದ್ದು ಬಣ್ಣ ಹೊಡೆಯುವವನು. ಬಟವಾಡೆಯ ದಿನ ಅರ್ಧ ಕೂಲಿಯ ಮಾತೆತ್ತಲು ಇಬ್ಬರೂ ಕಂಟ್ರಾಕ್ಟರನ ಕಾರಿನ ಹತ್ತಿರ ಹೋದರು. ಗಾಜು ನಾಲ್ಕು ಬೆರಳಷ್ಟು ಇಳಿಯಿತು.

"ನಿಮ್ ಗೋಳು ಮುಗಿಯೋದೇ ಇಲ್ಲ ಕಣ್ರೋ. ದಿನಗೂಲಿಗೇ ಇರ್ತೀರಾ, ಇರಿ. ಅಡಿ ಲೆಕ್ಕಕ್ಕೆ ಬರ್ತೀರಾ, ಬನ್ನಿ. ಅದೂ ಬೇಡ್ವಾ, ಕೆಳಗಿನ ಹಾಲ್, ಹಿಂದಿನ ಗೋಡೆ ನೀವೇ ಗುತ್ತಿಗೆ ತಗೊಳ್ಳಿ. ಬಣ್ಣ ನಿಮ್ದು, ಹಗ್ಗ ನಿಮ್ದು. ಒಂದ್ ಕಾಸೂ ಹಿಡಿಯಲ್ಲ."

ಮನೆಯೆಂದರೆ ತಗಡಿನ ಒಂದು ಕೋಣೆ. ಉದ್ದಣ್ಣ ಉಂಡು ಗೋಡೆಗೊರಗಿ ಬೆರಳು ಮಡಚಿದ.

"ದಿನಗೂಲಿ ಅಂದ್ರೆ ಇಬ್ಬರ್ದೂ ಸೇರಿ ಸಾವಿರದ ನೂರು. ಈ ಗೂಡಿನ ಬಾಡಿಗೆ ಹಿಡೀತಾನೆ, ವಿಮೆ ಅಂತ ಹಿಡೀತಾನೆ. ಕೈಗೆ ಬರೋದು ಒಂಬೈನೂರು. ಅಡಿ ಲೆಕ್ಕ ಆದ್ರೆ ಬಿಸಿಲಿದ್ದ ದಿನ ಸಾವಿರದ ಇನ್ನೂರು, ಮಳೆ ಬಂದ್ರೆ ಸೊನ್ನೆ. ಗುತ್ತಿಗೆ ಹಿಡಿದು ಮೈ ಮುರಿದ್ವಿ ಅನ್ನು, ಬಣ್ಣದ ಖರ್ಚು ಕಳೆದು ದಿನಕ್ಕೆ ಸಾವಿರದ ಎಂಟ್ನೂರು ಉಳಿಯುತ್ತೆ ಕಣೇ!"

ಮೂಲೆಯಲ್ಲಿ ಮಲಗಿದ್ದ ಅವನ ತಾಯಿ ಕೇಳಿದಳು. "ಆ ವಿಮೆ ಏನಕ್ಕೋ?"

"ಬಿದ್ರೆ ಆಸ್ಪತ್ರೆಗೆ ಕೊಡ್ತಾರಂತೆ."

"ಹಂಗಾದ್ರೆ ಅದು ಇರ್ಲಿ ಮಗಾ."

"ಬಿದ್ರೆ ತಾನೆ? ಇಷ್ಟು ವರ್ಷ ಹಲ್ಲಿ ಥರ ಅಂಟ್ಕೊಂಡಿಲ್ವಾ ನಾನು?"

ಹೆಂಡತಿ ಬೇರೆಯದೇ ಯೋಚಿಸುತ್ತಿದ್ದಳು. "ಗುತ್ತಿಗೆ ಆದ್ರೆ ನಾನು ಹೊರಗೆ ಹೋಗಿಬಂದ್ರೆ ಯಾರೂ ಕೇಳಲ್ವಾ?"

"ಯಾವ ಬೋಳಿಮಗ ಕೇಳ್ತಾನೆ? ನಾವೇ ಯಜಮಾನ್ರು."

"ಹಂಗಾದ್ರೆ ಅದೇ ಇರ್ಲಿ," ಅಂದಳು.

ಮೇಸ್ತ್ರಿ ತೋರಿಸಿದ ಕಡೆ ಉದ್ದಣ್ಣ ಹೆಬ್ಬೆಟ್ಟು ಒತ್ತಿದ. ಅವಳ ಓಲೆ ಮಾರಿ ಬಣ್ಣ ತಂದರು. ಹೊಸ ಹಗ್ಗದ ಬೆಲೆ ಕೇಳಿ ಉದ್ದಣ್ಣ ಅಂಗಡಿಯವನನ್ನು ಬೈದು, ಹಳೆಯದನ್ನೇ ಕೊಂಡ. ಮೊದಲು ಕೆಳಗಿನ ಹಾಲ್ ಮುಗಿಸಿದರು. ಅವಳು ಮೂರು ಸಲ ಉಜ್ಜಿ ನಯ ಮಾಡಿದ ಗೋಡೆ ಕೈಯಿಟ್ಟರೆ ಜಾರುವಂತಿತ್ತು. ಕೆಲಸದ ನಡುವೆ ಬೇಕೆಂದಾಗ ಎದ್ದುಹೋಗುತ್ತಿದ್ದಳು. ಮೇಸ್ತ್ರಿ ಹಲ್ಲು ಕಡಿಯುತ್ತಿದ್ದ, ಅಷ್ಟೆ.

ಹಿಂದಿನ ಗೋಡೆ ಅರ್ಧವಾಗಿತ್ತು. ಹಗ್ಗ ಹರಿಯಿತು. ಉದ್ದಣ್ಣ ಜಲ್ಲಿಯ ರಾಶಿಯ ಮೇಲೆ ಬಿದ್ದ. ಬಕೆಟ್ಟಿನ ಬಣ್ಣ ಮೈಮೇಲೆ ಚೆಲ್ಲಿ, ರಕ್ತ ಎಲ್ಲಿಂದ ಬರುತ್ತಿದೆಯೆಂದು ಅವಳಿಗೆ ಮೊದಲು ತಿಳಿಯಲಿಲ್ಲ.

ಸೊಂಟದ ಮೂಳೆ ಮುರಿದಿತ್ತು. ರಾಡು ಹಾಕದಿದ್ದರೆ ಎದ್ದು ಕೂರುವುದೂ ಇಲ್ಲ ಎಂದರು ಆಸ್ಪತ್ರೆಯವರು. ರಾಡಿನ ದುಡ್ಡು ಮೊದಲು ಕಟ್ಟಬೇಕಿತ್ತು.

ಅವಳು ಕಟ್ಟಡಕ್ಕೆ ಬಂದ ದಿನ ಮನೆ ಕೊಂಡವರಿಗೆಲ್ಲ ಬೀಗದ ಕೈ ಕೊಡುತ್ತಿದ್ದರು. ಕೆಳಗಿನ ಹಾಲ್ ತುಂಬ ಒಳ್ಳೆ ಬಟ್ಟೆಯವರು. ಕಂಟ್ರಾಕ್ಟರ್ ಅವಳನ್ನು ಕಂಬದ ಮರೆಗೆ ಕರೆದ.

"ಬಿದ್ದವನು ಯಾರು? ನನ್ ಕೂಲಿಯವನಾ? ಅವನೂ ಗುತ್ತಿಗೆದಾರ, ನಾನೂ ಗುತ್ತಿಗೆದಾರ. ಅವನು ಬಿದ್ರೆ ನಾನ್ಯಾಕಮ್ಮ ಕಟ್ಲಿ?"

"ಮಾಡಿರೋ ಕೆಲಸದ್ದಾದ್ರೂ ಕೊಡಿ ಸ್ವಾಮಿ."

"ಎಲ್ಲಿ ಮಾಡಿದ್ರಿ? ಅರ್ಧಕ್ಕೆ ಬಿಟ್ರಿ, ಬೇರೆಯವರ್ನ ಹಾಕಿ ಮುಗಿಸ್ದೆ. ಲೆಕ್ಕ ಹಾಕಿದ್ರೆ ನೀವೇ ನಂಗೆ ಕೊಡ್ಬೇಕು. ಹೋಗು, ಶುಭಕಾರ್ಯದ ಹೊತ್ತಲ್ಲಿ ಕಣ್ಣೀರು ಹಾಕ್ಬೇಡ."

ಅವಳ ಕಣ್ಣಲ್ಲಿ ನೀರಿರಲಿಲ್ಲ. "ಹಂಗಾದ್ರೆ ಈ ಬಣ್ಣ ಯಾರ್ದು?"

"ಏನು?"

"ಬಣ್ಣ ನಿಮ್ದು ಅಂದಿದ್ರಲ್ಲ. ನಮ್ ಬಣ್ಣ ನಾವು ತಗೊಂಡು ಹೋಗ್ತೀವಿ."

ಮೂಲೆಯಲ್ಲಿದ್ದ ಸಾಮಾನಿನ ಬುಟ್ಟಿಯಿಂದ ಕೆರೆಯುವ ತಗಡು ಎತ್ತಿಕೊಂಡಳು. ಬಾಗಿಲಿನ ಎದುರು ಗೋಡೆಗೇ ಹೋಗಿ ಎಳೆದಳು. ಬಣ್ಣ ಸುರುಳಿಯಾಗಿ ಸುಲಿದು ಬಂತು. ಅದರಡಿ ಅವಳೇ ಹಚ್ಚಿ ಉಜ್ಜಿದ್ದ ಬಿಳಿ ಪುಟ್ಟಿಯ ಪದರ, ಅದರಡಿ ಸಿಮೆಂಟು. ಒಬ್ಬಾಕೆ ಸೀರೆಗೆ ಧೂಳು ತಾಗೀತೆಂದು ಹಿಂದೆ ಸರಿದಳು.

"ಎಳ್ದು ಹಾಕೋ ಅವಳ್ನ!" ಕಂಟ್ರಾಕ್ಟರ್ ಕಾವಲುಗಾರನ ಮೇಲೆ ಅರಚಿದ.

ಕಾವಲುಗಾರ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. "ನಾನೂ ಗುತ್ತಿಗೆಯವನೇ ಸಾರ್. ಗೇಟ್ ಕಾಯೋದಷ್ಟೇ. ಗೋಡೆ ನನ್ ಲೆಕ್ಕದಲ್ಲಿಲ್ಲ."

ಕೈ ಎಟುಕುವಷ್ಟು ಎತ್ತರ ಕೆರೆದು ಮುಗಿಯಿತು. ಅವಳು ಪಕ್ಕದಲ್ಲಿದ್ದ ಏಣಿಯನ್ನು ಎಳೆದು ಗೋಡೆಗೆ ಆನಿಸಿ ಹತ್ತಿದಳು. ಕಂಟ್ರಾಕ್ಟರ್ ಓಡಿಬಂದು ಏಣಿಯ ಕಾಲು ಹಿಡಿದು ಅಲ್ಲಾಡಿಸಿದ.

"ಇಳಿಯೇ ಬೇವರ್ಸಿ! ಬಿದ್ದು ಸಾಯ್ತೀಯಾ!"

ಅವಳು ಕೆಳಗೆ ನೋಡದೆ ಇನ್ನೊಂದು ಮೆಟ್ಟಿಲು ಹತ್ತಿದಳು.